ಕುಮಾರಪರ್ವತದ ಕಲ್ಲುಮಂಟಪ

ಕನ್ನಡದಲ್ಲಿ 'ತಂಗು' ಎಂಬುದೊಂದು ಪುಟ್ಟ ಧಾತು. ತರಗತಿಯಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳುವ ಸಂದರ್ಭ ಬಂದಾಗಲೆಲ್ಲ ನನಗೊಂದು ವಿಶೇಷವಾದ ಸಂತೋಷವುಂಟಾಗುತ್ತದೆ. 'ಇರು' ಎಂದರೆ ಸುಮ್ಮನೆ ಇರುವುದು. 'ನೆಲೆಸು' ಎಂದರೆ ಬೇರುಬಿಟ್ಟು ಇರುವುದು. 'ತಂಗು' ಎಂದರೆ ನಾಳೆ ಹೊರಡುವ ಸಂಕಲ್ಪವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂದು ಇರುವುದು. ತನ್ನ ಮನೆಯಲ್ಲಿ ಯಾರೂ ತಂಗುವುದಿಲ್ಲ. ತಂಗುವವನು ದಾರಿಗ, ಅವನ ಊರು ಹಿಂದೆ ಇದೆ, ಗುರಿ ಮುಂದೆ ಇದೆ, ನಡುವೆ ಒಂದು ರಾತ್ರಿ ಇದೆ. ಆ ಒಂದು ರಾತ್ರಿಯ ಸಲುವಾಗಿ ನಮ್ಮ ಹಿರಿಯರು ಎಷ್ಟೊಂದು ಕಟ್ಟಡಗಳನ್ನು ಕಟ್ಟಿದರು, ಎಷ್ಟೊಂದು ಮಾತುಗಳನ್ನು ಕಟ್ಟಿದರು ಎಂಬುದನ್ನು ನೆನೆದರೆ ಬೆರಗಾಗುತ್ತದೆ. ಸತ್ರವೆಂಬ ಸಂಸ್ಕೃತದ ಮಾತು ನಮ್ಮ ಬಾಯಲ್ಲಿ ಛತ್ರವಾಯಿತು. ದಾರಿಯಲ್ಲಿ ನೀರು ಕೊಡುವ ತಾಣ ಅರವಟಿಗೆಯಾಯಿತು. ಹಳಗನ್ನಡದಲ್ಲಿ ಅದು 'ಅಱವಟ್ಟಿಗೆ'. 'ಅಱ'ವೆಂದರೆ ಧರ್ಮ. ಬಾಯಾರಿದವನಿಗೆ ಒಂದು ತಂಬಿಗೆ ನೀರು ಕೊಡುವ ಜಾಗದ ಹೆಸರಿನೊಳಗೇ ಧರ್ಮವನ್ನು ಬಚ್ಚಿಟ್ಟ ಭಾಷೆ ನಮ್ಮದು.

ಬೆಂಗಳೂರಿನಂತಹ ಊರಿನಲ್ಲಿ ಇದಕ್ಕೆ ಗುರುತುಗಳಿಲ್ಲದೆ ಇಲ್ಲ. ರೈಲು ನಿಲ್ದಾಣದ ಸಮೀಪದಲ್ಲಿರುವ ಗುಬ್ಬಿ ತೋಟದಪ್ಪನವರ ಛತ್ರವನ್ನು ಕಾಣದ ಹಳ್ಳಿಗರು ಕಡಿಮೆ. ಆದರೆ ಊರಿನ ನಡುವೆ ಛತ್ರ ಕಟ್ಟಿಸುವುದು ಒಂದು ಬಗೆಯ ಪುಣ್ಯವಾದರೆ, ಊರೇ ಇಲ್ಲದ ಕಡೆ, ದೀಪವಿಲ್ಲದ ಬೆಟ್ಟದ ಬೆನ್ನಿನ ಮೇಲೆ, ಎಂದೋ ಬರಬಹುದಾದ ಯಾರೋ ಒಬ್ಬನಿಗಾಗಿ ಚಾವಣಿಯೊಂದನ್ನು ನಿಲ್ಲಿಸುವುದು ಇನ್ನೊಂದು ಬಗೆಯ ಪುಣ್ಯ. ಅಲ್ಲಿ ಕಟ್ಟಿಸಿದವನನ್ನು ಹೊಗಳುವ ಜನವಿಲ್ಲ. ಬರುವವನಾದರೂ ಹೊಗಳುವ ಸ್ಥಿತಿಯಲ್ಲಿರುವುದಿಲ್ಲ. ಅಂತಹ ಒಂದು ಚಾವಣಿಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನನ್ನ ಉದ್ದೇಶ. ಅದು ಕುಮಾರಪರ್ವತದ ದಾರಿಯಲ್ಲಿರುವ ಕಲ್ಲುಮಂಟಪ.

ಕುಮಾರಪರ್ವತ ಅಥವಾ ಪುಷ್ಪಗಿರಿ ಪಶ್ಚಿಮಘಟ್ಟಗಳ ಸಾಲಿನಲ್ಲಿ ದಕ್ಷಿಣ ಕನ್ನಡ ಮತ್ತು ಕೊಡಗಿನ ಎಲ್ಲೆಯ ಮೇಲೆ ನಿಂತಿರುವ ಶಿಖರ. ಎತ್ತರ 1712 ಮೀಟರು. ಕೊಡಗಿನಲ್ಲಿ ತಡಿಯಂಡಮೋಳನ್ನು ಬಿಟ್ಟರೆ ಇದೇ ಎತ್ತರವಾದುದು. ಪಶ್ಚಿಮದ ಬುಡದಲ್ಲಿ ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರ. ಪೂರ್ವದ ಕಡೆ ಸೋಮವಾರಪೇಟೆ ತಾಲ್ಲೂಕಿನ ಹಳ್ಳಿಗಳು. ತಾರಕಾಸುರನನ್ನು ಕೊಂದ ಷಣ್ಮುಖನು ಈ ಬೆಟ್ಟಕ್ಕೆ ಬಂದನೆಂದೂ, ಇಲ್ಲಿಯೇ ಇಂದ್ರನು ತನ್ನ ಮಗಳು ದೇವಸೇನೆಯನ್ನು ಅವನಿಗೆ ಧಾರೆಯೆರೆದುಕೊಟ್ಟನೆಂದೂ ಕ್ಷೇತ್ರದ ಐತಿಹ್ಯ. ಬೆಟ್ಟದಿಂದಿಳಿಯುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಪಡುಗಡಲಿಗೆ ಹೋಗುತ್ತದೆ. ಸುತ್ತಲಿನ ಕಾಡು 1987ರಲ್ಲಿ ಪುಷ್ಪಗಿರಿ ವನ್ಯಜೀವಿಧಾಮವಾಯಿತು. ಅದರ ವಿಸ್ತಾರ ನೂರು ಚದರ ಕಿಲೋಮೀಟರಿಗೆ ತುಸು ಹೆಚ್ಚು. 2012ರಲ್ಲಿ ಯುನೆಸ್ಕೋ ಸಂಸ್ಥೆ ಪಶ್ಚಿಮಘಟ್ಟಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ವನ್ಯಜೀವಿಧಾಮವೂ ತಲಕಾವೇರಿ ಗುಚ್ಛದಲ್ಲಿ ಸೇರಿತು.

ಕುಕ್ಕೆಯಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರು. ದೂರ ಕೇಳಿದರೆ ಹೆಚ್ಚೆನಿಸದು. ಯಲಹಂಕದಿಂದ ಮೆಜೆಸ್ಟಿಕ್ಕಿಗೆ ಹೋದಷ್ಟಾಯಿತೆಂದು ನನ್ನ ವಿದ್ಯಾರ್ಥಿಯೊಬ್ಬ ಲೆಕ್ಕ ಹಾಕಿದ್ದ. ಆದರೆ ಈ ದೂರದಲ್ಲಿ ಒಂದೂವರೆ ಸಾವಿರ ಮೀಟರಿಗೂ ಮಿಕ್ಕು ಏರಬೇಕು. ಮೊದಲರ್ಧ ದಟ್ಟವಾದ ಕಾಡು, ಬೇರುಗಳೇ ಮೆಟ್ಟಿಲು. ಮಳೆಗಾಲವಾದರೆ ಜಿಗಣೆಗಳ ರಾಜ್ಯ. ಕಾಡು ಮುಗಿದೊಡನೆ ಇದ್ದಕ್ಕಿದ್ದಂತೆ ಆಕಾಶ ತೆರೆದುಕೊಂಡು ಹುಲ್ಲುಗಾವಲಿನ ಬೆಟ್ಟಗಳು ಕಾಣಿಸುತ್ತವೆ. ಅಲ್ಲಿಂದ ಮುಂದೆ ನೆರಳೆಂಬುದೇ ಇಲ್ಲ. ಬಿಸಿಲಾದರೆ ಬಿಸಿಲು, ಮಂಜಾದರೆ ಮಂಜು, ಗಾಳಿಯಾದರೆ ಗಾಳಿ. ಶೇಷಪರ್ವತವನ್ನು ದಾಟಿ, ಕಣಿವೆಯ ಮಡಿಲಿನ ಶೋಲಾ ಕಾಡನ್ನು ಹೊಕ್ಕು, ಬಂಡೆಗಳನ್ನು ಹತ್ತಿ ಹೊರಬಂದರೆ ಶಿಖರ.

ಇಂತಹ ದಾರಿಯಲ್ಲಿ ಎರಡೇ ಎರಡು ಆಸರೆಗಳಿವೆ. ಒಂದು, ಕಾಡು ಮುಗಿಯುವಲ್ಲಿ, ಗಿರಿಗದ್ದೆಯೆಂಬ ಜಾಗದಲ್ಲಿರುವ ಒಂಟಿ ಮನೆ. ನಾಡಿಗೆಲ್ಲ ಅದು 'ಭಟ್ಟರ ಮನೆ'. ಇನ್ನೊಂದು, ಅಲ್ಲಿಂದ ಮೇಲೆ ಹುಲ್ಲುಗಾವಲಿನ ನಡುವೆ ನಿಂತಿರುವ ಕಲ್ಲುಮಂಟಪ. ಒಂದರಲ್ಲಿ ಒಲೆಯಿದೆ, ಇನ್ನೊಂದರಲ್ಲಿ ಗೋಡೆಯೂ ಇಲ್ಲ. ಆದರೆ ಎರಡೂ ಒಂದೇ ಧರ್ಮದ ಎರಡು ರೂಪಗಳೆಂದು ನನ್ನ ಭಾವನೆ.

ನಾನು ಅಲ್ಲಿಗೆ ಮೊದಲ ಸಲ ಹೋದುದು 2016ರ ಡಿಸೆಂಬರಿನಲ್ಲಿ, ಐವರು ವಿದ್ಯಾರ್ಥಿಗಳೊಡನೆ. ಯಶವಂತಪುರದಲ್ಲಿ ಬೆಳಗಿನ ರೈಲು ಹಿಡಿದು, ಸಕಲೇಶಪುರದ ಆಚೆ ಘಟ್ಟವಿಳಿಯುವ 57 ಸುರಂಗಗಳನ್ನು ಹುಡುಗರು ಬೆರಳು ಮಡಿಸಿ ಎಣಿಸುತ್ತಿರಲು, ಮಧ್ಯಾಹ್ನದ ಹೊತ್ತಿಗೆ ನೆಟ್ಟಣದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದಲ್ಲಿ ಇಳಿದೆವು. ರಾತ್ರಿ ಕುಕ್ಕೆಯಲ್ಲಿ ಕಳೆದು, ನಸುಕಿನಲ್ಲಿ ಬೆಟ್ಟದ ದಾರಿ ಹಿಡಿದೆವು. ಕಾಡಿನ ಏರಿನಲ್ಲಿ ನಮ್ಮನ್ನು ಹಿಂದೆ ಹಾಕಿದವರು ಒಬ್ಬ ಮುದುಕರು. ಅವರ ತಲೆಯ ಮೇಲೆ ಅಕ್ಕಿಯ ಮೂಟೆ, ಕಾಲಿಗೆ ಚಪ್ಪಲಿಯಿಲ್ಲ. ಬಂಡೆಯೊಂದರ ಬಳಿ ಮೂಟೆಯಿಳಿಸಿ ಸುಧಾರಿಸಿಕೊಳ್ಳುತ್ತ, "ಬೆಂಗಳೂರಿನವರೋ?" ಎಂದು ಕೇಳಿದರು. ಹೌದೆಂದೆ. "ಮೊದಲೆಲ್ಲ ಷಷ್ಠಿಯ ಸಮಯಕ್ಕೆ ಮಾತ್ರ ಜನ ಕಾಣುತ್ತಿದ್ದದ್ದು. ಈಗ ಎಂಥದು ಮಾರಾಯ್ರೆ, ಶನಿವಾರ ಬಂದರೆ ಷಷ್ಠಿಯೇ!" ಎಂದು ನಕ್ಕು, ಮೂಟೆಯನ್ನು ತಲೆಗೇರಿಸಿ ಹೊರಟೇಬಿಟ್ಟರು. ನಾವು ಕೈಬೀಸಿಕೊಂಡು ಬರುತ್ತಲೂ ಏದುಸಿರು ಬಿಡುತ್ತಿದ್ದೆವು.

ಆ ಮೂಟೆಯ ಅಕ್ಕಿಯನ್ನೇ ನಾವು ಉಂಡೆವೋ ಏನೋ, ಹೇಳಬಲ್ಲವರಾರು? ಭಟ್ಟರ ಮನೆಯಲ್ಲಿ ಬಡಿಸಿದ್ದು ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಅಷ್ಟೇ. ಸುತ್ತ ಅಡಿಕೆಯ ಮರಗಳು, ಎದುರಿಗೆ ಬೆಟ್ಟಗಳ ಸಾಲು, ಅಂಗಳದಲ್ಲಿ ತಟ್ಟೆ ಹಿಡಿದು ಕುಳಿತ ಅಪರಿಚಿತರು. ಊಟಕ್ಕೆ ತಗಲುವ ಹಣವನ್ನು ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಬೇಕಾದುದೇ ನ್ಯಾಯ. ಕುಕ್ಕೆಯಲ್ಲಿ ಕೊಂಡ ಉಪ್ಪಿನ ಕಣವೂ ಮನುಷ್ಯನ ತಲೆಯ ಮೇಲೆಯೇ ಐದಾರು ಕಿಲೋಮೀಟರು ಏರಿ ಅಲ್ಲಿಗೆ ಬರಬೇಕು. ಕಾಡಿನ ನಡುವಿನ ಈ ಮನೆತನ ದಶಕಗಳಿಂದ, ಬಂದವರ ಜಾತಿ ಊರುಗಳನ್ನು ವಿಚಾರಿಸದೆ, ಹಸಿವೆಯೊಂದನ್ನೇ ವಿಚಾರಿಸಿ ಬಡಿಸುತ್ತ ಬಂದಿದೆ. ಅತಿಥಿಯೆಂದರೆ ತಿಥಿ ನೋಡದೆ ಬರುವವನು ಎಂದು ನಿರುಕ್ತಿ ಹೇಳುವ ನನ್ನಂತಹ ಅಧ್ಯಾಪಕರು ಆ ಅಂಗಳದಲ್ಲಿ ಒಮ್ಮೆ ಕುಳಿತು ಉಣ್ಣಬೇಕು. ನಿರುಕ್ತಿಗೆ ಉಪ್ಪು ಹುಳಿ ಖಾರಗಳು ಕೂಡಿಕೊಳ್ಳುತ್ತವೆ.

ಊಟದ ಮೇಲೆ ಏರು ಹಿಡಿದ ನಮಗೆ ಕಲ್ಲುಮಂಟಪದ ಹತ್ತಿರ ಬರುವಷ್ಟರಲ್ಲಿ ಮಂಜು ಕವಿಯಿತು. ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದ ಹುಡುಗಿ ಕಾಣದಾದಳು; ಕೂಗಿದರೆ ದನಿ ಯಾವ ದಿಕ್ಕಿನಿಂದ ಬಂತೆಂದು ತಿಳಿಯದು. ಹಿಂದೆಯೇ ಅಕಾಲದ ಮಳೆ. ಓಡಿ ಮಂಟಪದೊಳಗೆ ನುಸುಳಿದೆವು. ನಾಲ್ಕು ಕಂಬ, ಮೇಲೆ ಕಲ್ಲಿನ ಚಾವಣಿ. ಶಿಲ್ಪವಿಲ್ಲ, ಕುಸುರಿಯಿಲ್ಲ, ಹಂಪೆಯನ್ನೋ ಬೇಲೂರನ್ನೋ ಕಂಡ ಕಣ್ಣಿಗೆ ಅದರಲ್ಲಿ ನೋಡುವಂಥದೇನೂ ಇಲ್ಲ. ಹತ್ತು ಜನ ಒತ್ತಿಕೊಂಡು ನಿಂತರೆ ತುಂಬಿತು. ಒಳಗೆ ಆಗಲೇ ಒಬ್ಬ ವೃದ್ಧ ದಂಪತಿಗಳಿದ್ದರು. ಸೋಮವಾರಪೇಟೆಯ ಕಡೆಯಿಂದ ಶಿಖರವನ್ನು ದಾಟಿ ಕುಕ್ಕೆಗೆ ಇಳಿಯುತ್ತಿದ್ದವರು. ಹರಕೆಯಂತೆ. ಚಳಿಯಿಂದ ಹಲ್ಲು ಕಡಿಯುತ್ತಿದ್ದ ನಮ್ಮ ಹುಡುಗನೊಬ್ಬನನ್ನು ಕಂಡು ಆ ತಾಯಿ ಗಂಟು ಬಿಚ್ಚಿ, "ತಗೋ ಮಗ, ಚಳಿಗೆ ಹೊಟ್ಟೆ ಖಾಲಿ ಬಿಡಬಾರದು" ಎಂದು ಬೆಲ್ಲ ಕಲಸಿದ ಅವಲಕ್ಕಿಯನ್ನು ಅವನ ಬೊಗಸೆಗೆ ಸುರಿದರು. ಅವನು ಸಂಕೋಚದಿಂದ ನನ್ನ ಮುಖ ನೋಡಿದ. ತೆಗೆದುಕೊಳ್ಳೆಂದು ಕಣ್ಣಿನಲ್ಲಿಯೇ ಹೇಳಿದೆ. ಎರಡು ಗಂಟೆಯ ಹೊತ್ತು ಹಾಗೆ ನಿಂತಿದ್ದೆವು. ಮಳೆ ನಿಂತ ಮೇಲೆ ಅವರು ಕೆಳಗಿಳಿದರು. ನಾವೂ ಶಿಖರದ ಆಸೆಯನ್ನು ಮರುದಿನಕ್ಕೆ ಮುಂದೂಡಿ ಭಟ್ಟರ ಮನೆಗೆ ಹಿಂದಿರುಗಿದೆವು. ಅವರ ಹೆಸರನ್ನು ನಾವು ಕೇಳಲಿಲ್ಲ, ನಮ್ಮ ಹೆಸರನ್ನು ಅವರು ಕೇಳಲಿಲ್ಲ.

ಬೆಟ್ಟದ ಮೇಲಿನ ಆಸರೆ ಎಲ್ಲ ನಾಡುಗಳಿಗೂ ಬೇಕಾದುದೇ. ಆಲ್ಪ್ಸ್ ಪರ್ವತಗಳಲ್ಲಿ 2469 ಮೀಟರು ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ ಹನ್ನೊಂದನೆಯ ಶತಮಾನದಿಂದಲೂ ಕ್ರೈಸ್ತ ಸನ್ಯಾಸಿಗಳು ದಾರಿಹೋಕರಿಗೆ ಆಶ್ರಯ ನೀಡುತ್ತ ಬಂದಿದ್ದಾರೆ. ಹಿಮದಲ್ಲಿ ಹೂತವರನ್ನು ಹುಡುಕುವ ಅವರ ನಾಯಿಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತು. 1863ರಲ್ಲಿ ಹುಟ್ಟಿದ ಸ್ವಿಸ್ ಆಲ್ಪೈನ್ ಕ್ಲಬ್ ಅದೇ ವರ್ಷ ತನ್ನ ಮೊದಲನೆಯ ಗುಡಿಸಿಲನ್ನು ಬೆಟ್ಟದ ಮೇಲೆ ಕಟ್ಟಿತು. ನ್ಯೂಜಿಲೆಂಡಿನಲ್ಲಿ ಸರ್ಕಾರದ ಸಂರಕ್ಷಣಾ ಇಲಾಖೆಯೇ ಒಂಬೈನೂರಕ್ಕೂ ಹೆಚ್ಚು ಇಂತಹ ಬಿಡಾರಗಳನ್ನು ಕಾಡು ಬೆಟ್ಟಗಳಲ್ಲಿ ನೋಡಿಕೊಳ್ಳುತ್ತದೆ. ಸ್ಕಾಟ್ಲೆಂಡಿನ ನಿರ್ಜನ ಪ್ರದೇಶಗಳಲ್ಲಿ ಕುರುಬರು, ಕೂಲಿಕಾರರು ಬಿಟ್ಟುಹೋದ ಹಳೆಯ ಕಲ್ಲುಮನೆಗಳನ್ನು ದುರಸ್ತಿಮಾಡಿ, ಬೀಗ ಹಾಕದೆ ಎಲ್ಲರಿಗೂ ಬಿಟ್ಟಿರುವ ಒಂದು ಸಂಘ 1965ರಿಂದ ಕೆಲಸಮಾಡುತ್ತಿದೆ. ಬೀಗವಿಲ್ಲದ ಆ ಮನೆಗಳು ಉಳಿದಿರುವುದು ಕಾವಲುಗಾರರಿಂದಲ್ಲ. ತನ್ನ ಅನಂತರ ಬರುವವನೊಬ್ಬನಿದ್ದಾನೆ ಎಂಬ ನೆನಪಿನಿಂದ. ನಮ್ಮ ಕಲ್ಲುಮಂಟಪಕ್ಕೆ ಬೀಗ ಹಾಕೋಣವೆಂದರೆ ಬಾಗಿಲೇ ಇಲ್ಲ. ಅಲ್ಲಿ ನೆನಪೊಂದೇ ಕಾವಲು.

ಆ ಕಾವಲು ತಪ್ಪಿದರೆ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. 2016ರ ಆ ದಿನವೇ ಮಂಟಪದ ಮಗ್ಗುಲಲ್ಲಿ ಪ್ಲಾಸ್ಟಿಕ್ ಬಾಟಲಿಗಳ ರಾಶಿಯಿತ್ತು. ಕಂಬವೊಂದರ ಮೇಲೆ ಯಾರೋ ಪ್ರೇಮಿಗಳ ಹೆಸರುಗಳಿದ್ದವು. ದಾನಮಾಡಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತುವುದು ಶಾಸನದ ಪದ್ಧತಿ. ದಾನವನ್ನು ಕೆಡಿಸಿದವನ ಹೆಸರನ್ನು ಕೆತ್ತುವುದು ನಮ್ಮ ಕಾಲದ ಪದ್ಧತಿಯಿರಬೇಕು. ಬೆಂಗಳೂರಿನಿಂದ ಶುಕ್ರವಾರ ರಾತ್ರಿಯ ಬಸ್ಸುಗಳು ಹೆಚ್ಚುತ್ತ ಹೋದಂತೆ ಬೆಟ್ಟದ ಮೇಲಿನ ಜನವೂ ಹೆಚ್ಚಿತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಮ್ಮೆಗೇ ಬೆಟ್ಟವೇರಿದರು. ಹುಲ್ಲುಗಾವಲಿನ ಕಾಲುದಾರಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿದ ಆ ಗುಂಪಿನ ಚಿತ್ರಗಳನ್ನು ನಾಡೆಲ್ಲ ನೋಡಿತು. ಅದಾದ ಕೆಲವೇ ದಿನಗಳಲ್ಲಿ ಸರ್ಕಾರ ಚಾರಣವನ್ನು ನಿಲ್ಲಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ದಾರಿ ಮತ್ತೆ ತೆರೆದಾಗ, ಮುಂಗಡವಾಗಿ ಅಂತರ್ಜಾಲದಲ್ಲಿ ಚೀಟಿ ಪಡೆದವರಿಗೆ ಮಾತ್ರ ಪ್ರವೇಶವೆಂಬ ಕಟ್ಟಳೆ ಬಂದಿತು. ಶಿಖರದ ಮೇಲೆ ಡೇರೆ ಹಾಕಿ ರಾತ್ರಿ ಕಳೆಯುವುದು ಅದಕ್ಕೂ ಮೊದಲೇ ನಿಷಿದ್ಧವಾಗಿತ್ತು.

2024ರ ನವೆಂಬರಿನಲ್ಲಿ ನಾನು ಎರಡನೆಯ ಸಲ ಹೋದೆ. ಚೀಟಿ ತೋರಿಸಿದ್ದಾಯಿತು, ಚೀಲಗಳ ತಪಾಸಣೆಯಾಯಿತು. ಮಂಟಪದ ಸುತ್ತ ತುಳಿದು ಬೋಳಾಗಿದ್ದ ನೆಲದಲ್ಲಿ ಹುಲ್ಲು ಮತ್ತೆ ತಲೆಯೆತ್ತಿತ್ತು. ನೆರಳಿನಲ್ಲಿ ಕುಳಿತು ನೀರು ಕುಡಿಯುವಾಗ ಜೊತೆಗಿದ್ದ ವಿದ್ಯಾರ್ಥಿಯೊಬ್ಬ ಕೇಳಿದ: "ಸರ್, ರಾತ್ರಿ ತಂಗಬಾರದೆಂದ ಮೇಲೆ ಇದು ತಂಗುದಾಣ ಹೇಗಾಗುತ್ತದೆ? ನೀವು ಹೇಳಿಕೊಟ್ಟ ಅರ್ಥದ ಪ್ರಕಾರ ಇದು ಈಗ ಬರಿಯ ನಾಲ್ಕು ಕಂಬ."

ಪ್ರಶ್ನೆ ತೀಕ್ಷ್ಣವಾಗಿತ್ತು. ಒಳಗಿನಿಂದ ನನ್ನದೂ ಅದೇ ಪ್ರಶ್ನೆ. ಆಶ್ರಯವೆಂಬುದು ಬಂದವನನ್ನು ಹೊರಗೆ ಕಳುಹಿಸತೊಡಗಿದರೆ ಅದು ತನ್ನ ಧರ್ಮಕ್ಕೆ ತಾನೇ ದ್ರೋಹಮಾಡಿದಂತೆ ಅಲ್ಲವೆ? ಚೀಟಿಯಿಲ್ಲದ ಹರಕೆಯ ಮುದುಕಿಯೊಬ್ಬಳು ನಾಳೆ ಮಳೆಯಲ್ಲಿ ನೆನೆಯುತ್ತ ಬಂದರೆ ಮಂಟಪ ಅವಳಿಗೆ ಏನು ಹೇಳಬೇಕು? ದಾರಿ ತಪ್ಪುವುದು ಅಲ್ಲಿ ಕಟ್ಟುಕಥೆಯಲ್ಲ. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ತರುಣನೊಬ್ಬ ಇಳಿಯುವಾಗ ಸಂಗಡಿಗರಿಂದ ಬೇರ್ಪಟ್ಟು ಕಾಡಿನಲ್ಲಿ ಕಾಣೆಯಾಗಿ, ಕೊನೆಗೆ ನೀರಿನ ಕೊಳವೆಯೊಂದರ ಜಾಡು ಹಿಡಿದು ಜೀವಸಹಿತ ಊರು ಸೇರಿದ. ಅಂತಹವನ ಕಣ್ಣಿಗೆ ಮಂಜಿನಲ್ಲಿ ಕಾಣುವ ನಾಲ್ಕು ಕಂಬಗಳ ಬೆಲೆಯೇನೆಂಬುದನ್ನು ನಾವು ಮನೆಯಲ್ಲಿ ಕುಳಿತು ಕಟ್ಟಲಾರೆವು.

ಆದರೆ ಪ್ರಶ್ನೆಗೆ ಇನ್ನೊಂದು ಮುಖವಿದೆ. ಮಂಟಪವನ್ನು ಕಟ್ಟಿದ ಕಾಲದಲ್ಲಿ ಕಾಡು ದೊಡ್ಡದು, ದಾರಿಗ ಚಿಕ್ಕವನು. ರಕ್ಷಣೆ ಬೇಕಾಗಿದ್ದುದು ದಾರಿಗನಿಗೆ. ಅವನಿಗಾಗಿ ಕಲ್ಲು ನಿಂತಿತು. ಈಗ ದಾರಿಗ ಸಾವಿರವಾಗಿದ್ದಾನೆ, ಕಾಡು ನೂರು ಚದರ ಕಿಲೋಮೀಟರಿಗೆ ಇಳಿದಿದೆ. ಹುಲ್ಲಿನ ಬುಡದಲ್ಲಿ ಗೂಡು ಕಟ್ಟುವ ಹಕ್ಕಿಗೆ, ಹಗಲೆಲ್ಲ ಜನದ ಗದ್ದಲಕ್ಕೆ ಅಂಜಿ ಶೋಲಾದೊಳಗೆ ಅಡಗಿದ್ದು ಕತ್ತಲಾದ ಮೇಲೆ ಮೇಯಲು ಹೊರಬರುವ ಕಡವೆಗೆ, ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವ ಆನೆಗೆ ರಾತ್ರಿಯೊಂದೇ ಉಳಿದಿರುವ ಬಿಡಾರ. ಅದನ್ನೂ ನಾವು ಡೇರೆಗಳಿಂದ, ಬೆಂಕಿಯಿಂದ, ಹಾಡಿನ ಪೆಟ್ಟಿಗೆಗಳಿಂದ ತುಂಬಿದರೆ ಅವು ತಂಗುವುದೆಲ್ಲಿ? ಒಣಗಿದ ಹುಲ್ಲಿಗೆ ಬಿದ್ದ ಒಂದು ಕಿಡಿ ಇಡೀ ಬೆಟ್ಟವನ್ನು ಸುಡಬಲ್ಲುದು. ಆಶ್ರಯ ಬೇಡುವವರ ಸಾಲಿನಲ್ಲಿ ಇಂದು ಮೊದಲು ನಿಂತಿರುವುದು ಕಾಡೇ. ರಾತ್ರಿ ಬರಿದಾಗಿ ನಿಂತ ಮಂಟಪ ತನ್ನ ಧರ್ಮವನ್ನು ಬಿಟ್ಟಿಲ್ಲ. ಅದರ ಅತಿಥಿ ಬದಲಾಗಿದ್ದಾನೆ. ಆ ಹುಡುಗನಿಗೆ ನಾನು ಹೇಳಿದ ಉತ್ತರ ಇದು. ಅವನು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಒಪ್ಪದಿರುವುದಕ್ಕೂ ಅವನಿಗೆ ಕಾರಣಗಳಿದ್ದವು: "ನೂರು ಜನರ ತಪ್ಪಿಗೆ ಸುಮ್ಮನೆ ಬಂದು ಹೋಗುವ ಹತ್ತು ಜನ ದಂಡ ತೆರಬೇಕೆ?" ಎಂದ. ಇದಕ್ಕೆ ನ್ಯಾಯವಾದ ಉತ್ತರವನ್ನು ಇಲಾಖೆಯ ಕಟ್ಟಳೆ ಕೊಡಲಾರದು. ಆ ನೂರು ಜನ ಕೊಡಬೇಕು.

ಕಟ್ಟಳೆಗೆ ಕಣ್ಣಿರಬೇಕೆಂಬುದೂ ನಿಜ. ಜನದ ಸಂಖ್ಯೆಗೆ ಮಿತಿಯಿರಲಿ. ಆದರೆ ಮಳೆಗೆ, ಮಂಜಿಗೆ, ಕಾಲು ಉಳುಕಿದವನಿಗೆ ಮಂಟಪ ಎಂದಿನಂತೆ ತೆರೆದಿರಲಿ. ಹರಕೆ ಹೊತ್ತು ನಡೆದು ಬರುವ ಸುತ್ತಲಿನ ಹಳ್ಳಿಗರನ್ನು ಅಂತರ್ಜಾಲದ ಬಾಗಿಲಲ್ಲಿ ನಿಲ್ಲಿಸದಿರಲಿ. ಕಾಡು ವನ್ಯಜೀವಿಧಾಮವಾಗುವುದಕ್ಕೆ ಎಷ್ಟೋ ಮೊದಲಿನಿಂದ ಅಲ್ಲಿ ಒಲೆ ಹೊತ್ತಿಸಿಕೊಂಡು ಬಂದ ಒಂಟಿ ಮನೆಯನ್ನು ಕಾಡಿನ ಶತ್ರುವೆಂದು ಯಾರೂ ತಿಳಿಯದಿರಲಿ. ಎಷ್ಟು ಜನ ದಾರಿ ತಪ್ಪದೆ ಉಳಿದದ್ದು ಆ ಒಲೆಯ ಹೊಗೆಯನ್ನು ನೋಡಿಯೋ ಏನೋ! ಕಲ್ಲಿನ ಮಂಟಪ ಬಿದ್ದರೆ ಪ್ರಾಚ್ಯವಸ್ತು ಇಲಾಖೆಯವರು ಎತ್ತಿ ನಿಲ್ಲಿಸಬಹುದು. ಬಡಿಸುವ ಕೈಯ ಪದ್ಧತಿ ಒಮ್ಮೆ ನಿಂತರೆ ಅದನ್ನು ಎತ್ತಿ ನಿಲ್ಲಿಸುವ ಇಲಾಖೆ ಯಾವುದೂ ಇಲ್ಲ.

ಬೆಂಗಳೂರಿನ ನಮಗೆ ಆ ಬೆಟ್ಟದ ಗೊಡವೆಯೇಕೆ ಎಂದು ಓದುಗರಲ್ಲಿ ಯಾರಾದರೂ ಕೇಳಬಹುದು. ಪುಷ್ಪಗಿರಿಯ ಪಡುವಣ ಮೈಯ ನೀರು ಕುಮಾರಧಾರೆಯಾಗಿ ಕಡಲಿಗೆ ಹೋದರೆ, ಮೂಡಣ ಮೈಯ ನೀರು ಹಾರಂಗಿಯಾಗಿ ಇಳಿದು ಕಾವೇರಿಯನ್ನು ಕೂಡುತ್ತದೆ. ಆ ಕಾವೇರಿಯ ನೀರೇ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ ಯಂತ್ರಗಳ ಬಲದಿಂದ ಏರಿ ಬಂದು ನಮ್ಮ ಮನೆಗಳ ನಲ್ಲಿಯಲ್ಲಿ ಸುರಿಯುವುದು. ಒಂದು ಕಾಲಕ್ಕೆ ಯಲಹಂಕದ ಪಕ್ಕದ ಹೆಸರಘಟ್ಟದ ಕೆರೆಯೇ ಬೆಂಗಳೂರಿಗೆ ನೀರುಣಿಸಿತ್ತು. 1974ರಲ್ಲಿ ಕಾವೇರಿ ಬಂದ ಮೇಲೆ ಊರು ಬೆಳೆದ ಬಗೆ ಎಲ್ಲರಿಗೂ ತಿಳಿದದ್ದೇ. ಆರ್.ಟಿ. ನಗರದ ಮಹಡಿಯ ಮನೆಯಲ್ಲಿ ಬೆಳಗ್ಗೆ ತಂಬಿಗೆ ಹಿಡಿದು ನಿಂತ ಗೃಹಿಣಿಗೂ ಆ ಶೋಲಾ ಕಾಡು ಅರವಟಿಗೆಯನ್ನಿಟ್ಟಿದೆ. ಹೆಸರು ಕೇಳದೆ, ಚೀಟಿ ಕೇಳದೆ ನೀರು ಕೊಡುತ್ತಿದೆ. ಅರವಟಿಗೆಯ ಮಡಕೆಗೆ ಕಲ್ಲೆಸೆಯುವವನನ್ನು ನಮ್ಮ ಹಿರಿಯರು ಏನೆಂದು ಕರೆಯುತ್ತಿದ್ದರೆಂಬುದನ್ನು ನಾನು ಇಲ್ಲಿ ಬರೆಯಬೇಕಾದುದಿಲ್ಲ.

ಮುಂದೆ ಎಂದಾದರೂ ಚೀಟಿ ದೊರೆತು ಆ ದಾರಿ ಹಿಡಿಯುವವರು ಕಲ್ಲುಮಂಟಪದಲ್ಲಿ ಅರ್ಧ ಗಳಿಗೆ ಕುಳಿತು ಮುಂದೆ ಹೋಗಲಿ. ತಂದುದನ್ನೆಲ್ಲ ತಿರುಗಿ ತಮ್ಮ ಚೀಲದಲ್ಲಿಯೇ ಇಳಿಸಿಕೊಂಡು ಬರಲಿ. ಸಾಧ್ಯವಾದರೆ ಬೇರೆಯವರು ಬಿಟ್ಟುಹೋದ ಒಂದು ಬಾಟಲಿಯನ್ನೂ ಸೇರಿಸಿಕೊಳ್ಳಲಿ. ಅಕ್ಕಿಯ ಮೂಟೆ ಹೊತ್ತು ಬರಿಗಾಲಿನಲ್ಲಿ ಏರುವವರ ದಾರಿಯಲ್ಲಿ ಬರಿಯ ಬಾಟಲಿಯೊಂದನ್ನು ಹೊತ್ತು ಇಳಿಯುವುದು ಅಂಥ ಭಾರವಾದ ಕೆಲಸವೇನೂ ಅಲ್ಲ.